ರೋಗಿಯ ಗುಟ್ಟು, ರೋಗಿಯ ಭಾಷೆ

(ಸಂಘದ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ರೋಗಿಯ ಗುಟ್ಟನ್ನು ಕಾಯುವುದು ವೈದ್ಯನ ಪುರಾತನ ಧರ್ಮ. ಇಂದು ಆ ಗುಟ್ಟು ಮೊಬೈಲ್ ಫೋನಿಗೂ ಬಂದು ಸೇರಿದೆ. ಪರೀಕ್ಷೆಯ ವರದಿ, ಔಷಧದ ಪಟ್ಟಿ, ಗರ್ಭಿಣಿಯ ತಪಾಸಣೆಯ ದಿನ, ಎಲ್ಲವೂ ಅಲ್ಲಿಗೇ ಬರುತ್ತವೆ. ಆದರೆ ಆ ಫೋನು ಯಾರ ಕೈಯಲ್ಲಿದೆ?

ಯಂತ್ರವನ್ನು ಬದಿಗಿರಿಸಿ, ಅದನ್ನು ಬಳಸುವ ಮನುಷ್ಯರನ್ನೇ ವಿಚಾರಿಸಿದ ಸಂಶೋಧಕರುಂಟು. ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಸ್ತ್ರೀಯರನ್ನು ಮಾತನಾಡಿಸಿ 2018ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಸ್ತ್ರೀಯ ಫೋನನ್ನು ಮನೆಮಂದಿಯೂ ಬಳಸುವುದು ವಾಡಿಕೆ. ಆಕೆ ಕೆಲವಕ್ಕೆ ಬೀಗ ಹಾಕಿ, ಕೆಲವನ್ನು ಅಳಿಸಿ ತನ್ನ ಗುಟ್ಟನ್ನು ಕಾಯ್ದುಕೊಳ್ಳುತ್ತಾಳೆ ಎಂದು ಅವರು ಕಂಡರು. ಫೋನಿಗೆ ಒಬ್ಬನೇ ಒಡೆಯನೆಂದೆಣಿಸಿ ಮಾಡಿದ ವ್ಯವಸ್ಥೆಯು ಇಂಥ ಮನೆಯಲ್ಲಿ ರೋಗಿಯನ್ನು ಕಾಯಲಾರದು.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕುಂಟು. 'ಒಪ್ಪಿದ್ದೇನೆ' ಎಂದು ಒತ್ತುವ ಮುನ್ನ ಓದಬೇಕಾದ ನಿಬಂಧನೆಗಳು ಅನೇಕವೇಳೆ ನಮ್ಮ ತಾಯಂದಿರು ಓದಲಾರದ ಭಾಷೆಯಲ್ಲಿರುತ್ತವೆ. ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ? ಅಂಥ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕೆಂಬ ವಿಧಿಯು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿದೆ. ಕನ್ನಡವು ಆ ಅನುಸೂಚಿಯಲ್ಲಿದೆ. ರಾಜ್ಯದ ಗಡಿ ಅದಕ್ಕೆ ಅಡ್ಡಿಯಲ್ಲ.

ವಿದ್ಯಾರ್ಥಿಗಳೇ, ಮನೆಯಲ್ಲಿ ಅಜ್ಜಿಯ ವರದಿಯನ್ನು ಓದಿ ಹೇಳುವವರು ನೀವೇ. ಆಕೆಯನ್ನು ಕೇಳಿ ಓದಿರಿ. ಓದಿದ್ದನ್ನು ಬೀದಿಗೆ ಒಯ್ಯದಿರಿ. ಒಪ್ಪಿಗೆಯ ಗುಂಡಿಯನ್ನು ಆಕೆಯ ಪರವಾಗಿ ಒತ್ತದಿರಿ. ಇಷ್ಟನ್ನು ಕಲಿಸಿದರೆ ನಮ್ಮ ಕನ್ನಡ ಶಾಲೆ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.