ನಗಿಸುವುದೂ ಒಂದು ದುಡಿಮೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಿಂದ ಡಾಕ್ಟರ್ ಆಗಿ, ಇಂಜಿನಿಯರ್ ಆಗಿ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಇಂದು ನಗಿಸುವವರೊಬ್ಬರ ಬಗ್ಗೆ ಹೇಳಲು ನಿಂತಿದ್ದೇನೆ. ಅದಕ್ಕೂ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎಲ್ಲ ಮಾಸ್ತರರ ಮಾತು, ನಡಿಗೆಗಳನ್ನು ಹುಬೇಹೂಬು ಮಾಡಿ ತೋರಿಸುತ್ತಿದ್ದ. ನೋಟ್‌ಬುಕ್ಕಿನ ಮೂಲೆಯಲ್ಲಿ ಚಿತ್ರ ಬರೆದು, ಹಾಳೆಗಳನ್ನು ಸರಸರನೆ ಸರಿಸಿ ಅವನ್ನು ಕುಣಿಸುತ್ತಿದ್ದ. ಒಂದು ದಿನ ತರಗತಿಯ ಎದುರು ಅವನನ್ನು ನಿಲ್ಲಿಸಿ ಆ ಪುಸ್ತಕ ಹರಿದೆ. ಈಗ ಅವನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುತ್ತಾನೆ. ಒಮ್ಮೆ ಸಿಕ್ಕಾಗ, “ಅದನ್ನ ಯಾಕ ಬಿಟ್ಟಿ?” ಎಂದೆ. “ನೀವ ಬ್ಯಾಡ ಅಂದಿದ್ರಲ್ರೀ ಸರ್” ಎಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಂಗಳೂರಿನ ದಾನಿಶ್ ಸೇಠ್ ಅವರನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿರುತ್ತೀರಿ. ಅವರು ಎಫ್.ಎಂ. ರೇಡಿಯೋದಲ್ಲಿ ಜನರಿಗೆ ಫೋನ್ ಮಾಡಿ ತಮಾಷೆ ಮಾಡುತ್ತಿದ್ದವರು. ಆ ಕರೆಗಳಲ್ಲಿ ಹುಟ್ಟಿದ ರಾಜಕಾರಣಿ ನೊಗರಾಜ್. 2018ರಲ್ಲಿ ಸಾದ್ ಖಾನ್ ನಿರ್ದೇಶನದ ‘ಹಂಬಲ್ ಪೊಲಿಟಿಷಿಯನ್ ನೊಗರಾಜ್’ ಚಿತ್ರದಲ್ಲಿ ಅದೇ ಪಾತ್ರ ತೆರೆಗೆ ಬಂತು. 2022ರಲ್ಲಿ ಅದು ವೆಬ್ ಸರಣಿಯೂ ಆಯಿತು. ಆರ್.ಸಿ.ಬಿ. ತಂಡದ ವಿಡಿಯೋಗಳಲ್ಲಿ ಆಟಗಾರರನ್ನು ಗೋಳು ಹೊಯ್ದುಕೊಳ್ಳುವ ಮಿಸ್ಟರ್ ನ್ಯಾಗ್ಸ್ ಕೂಡ ಇವರೇ.

2020ರ ಲಾಕ್‌ಡೌನ್‌ನಲ್ಲಿ ಎಲ್ಲರಂತೆ ಅವರೂ ಮನೆಯೊಳಗೆ ಉಳಿದರು. ಆದರೆ ಸುಮ್ಮನೆ ಕೂರಲಿಲ್ಲ. ಮನೆಯಲ್ಲೇ ಚಿಕ್ಕ ಚಿಕ್ಕ ವಿಡಿಯೋ ಮಾಡಿದರು. ಎಲ್ಲ ಪಾತ್ರಗಳೂ ಅವರೇ. ದನಿ ಬದಲಿಸಿದರೆ ರಾಮಮೂರ್ತಿ, ಮತ್ತೆ ಬದಲಿಸಿದರೆ ಜಯಾ. ಭಯದ ಆ ದಿನಗಳಲ್ಲಿ ಲಕ್ಷಾಂತರ ಮನೆಗಳು ನಕ್ಕವು. ಅದೇ ವರ್ಷ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿ.ಆರ್.ಕೆ. ಸಂಸ್ಥೆಯ ‘ಫ್ರೆಂಚ್ ಬಿರಿಯಾನಿ’ ಥಿಯೇಟರಿಗೆ ಬಾರದೆ ನೇರವಾಗಿ ಅಂತರ್ಜಾಲದಲ್ಲೇ ಬಿಡುಗಡೆಯಾಯಿತು. ಅದರಲ್ಲಿ ಅವರು ಆಟೋ ಚಾಲಕ ಅಸ್ಗರ್.

ಇದರಲ್ಲಿ ದೊಡ್ಡ ಬಂಡವಾಳ ಯಾವುದು? ಕಿವಿ. ನಮ್ಮ ಸುತ್ತಲಿನವರು ಹೇಗೆ ಮಾತನಾಡುತ್ತಾರೆ ಎಂಬುದನ್ನು ಕೇಳಿಸಿಕೊಳ್ಳುವ ಕಿವಿ. ನಮ್ಮದೇ ಜಿಲ್ಲೆಯ ಶಿಶುನಾಳ ಷರೀಫರು ಹತ್ತೊಂಬತ್ತನೆಯ ಶತಮಾನದಲ್ಲೇ ಮನೆ-ಸಂತೆಯ ಆಡುಮಾತಿನಲ್ಲಿ ನಗಿಸುತ್ತ ದೊಡ್ಡ ಮಾತು ಹೇಳಿದವರು. ಆ ಮಾತು ಇನ್ನೂ ನಮ್ಮ ನಾಲಿಗೆಯ ಮೇಲಿದೆ.

ಚಿತ್ರ ಬರೆಯುವವರಿಗೂ ಒಂದು ಮಾತು. ಲಾಟ್ವಿಯಾ ಎಂಬ ದೇಶದ ಜನಸಂಖ್ಯೆ 19 ಲಕ್ಷದ ಒಳಗೆ. ನಮ್ಮ ಹಾವೇರಿ ಜಿಲ್ಲೆಯದೇ 2011ರ ಜನಗಣತಿಯಲ್ಲಿ ಸುಮಾರು 16 ಲಕ್ಷ. ಅಲ್ಲಿನ ಗಿಂಟ್ಸ್ ಜಿಲ್ಬಲೋಡಿಸ್ ಎಂಬ ಯುವಕ 2019ರಲ್ಲಿ ‘ಅವೇ’ ಎಂಬ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವನ್ನು ಒಬ್ಬನೇ ಕುಳಿತು ಮಾಡಿದ, ಸಂಗೀತವೂ ಅವನದೇ. ಆಮೇಲೆ ಚಿಕ್ಕ ತಂಡ ಕಟ್ಟಿಕೊಂಡು ಮಾಡಿದ ‘ಫ್ಲೋ’ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಅದನ್ನು ತಯಾರಿಸಿದ್ದು ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ನಲ್ಲಿ. ಅದು ಪೂರ್ತಿ ಉಚಿತ. ನಮ್ಮ ಕಾಲೇಜಿನ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು.

ಹಾಗೆಂದು ನಾಳೆಯೇ ಕಾಲೇಜು ಬಿಡಬೇಡಿ. ಈ ದಾರಿಯಲ್ಲಿ ತಿಂಗಳಿಗೆ ಸರಿಯಾಗಿ ಸಂಬಳ ಬರುವುದಿಲ್ಲ. ಪದವಿ ಮುಗಿಸಿ, ಒಂದು ಕೆಲಸ ಕೈಯಲ್ಲಿರಲಿ. ವಾರಕ್ಕೊಂದು ಪುಟ ಬರೆಯಿರಿ, ಆಮೇಲೆ ಚಿತ್ರೀಕರಿಸಿ. ಚಿತ್ರ ಮಸುಕಾದರೂ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಸಹಿಸುವುದಿಲ್ಲ. ಬೇರೆಯವರ ಹಾಡನ್ನು ಕೇಳದೆ ಬಳಸಿದರೆ ನಿಮ್ಮ ವಿಡಿಯೋದ ಗಳಿಕೆ ಹಾಡಿನ ಒಡೆಯರ ಪಾಲಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬಡವರ ಬಟ್ಟೆ, ಒಬ್ಬರ ಮೈಬಣ್ಣ, ಕುಂಟುವ ಕಾಲು ನಗೆಯ ಸರಕಾಗದಿರಲಿ. ಯಾರನ್ನು ನೋಡಿ ನಗುತ್ತೇವೋ ಅವರೂ ನಮ್ಮ ಜೊತೆ ಕುಳಿತು ನಗುವಂತಿರಬೇಕು.

ಪಾಲಕರಲ್ಲಿ ಒಂದೇ ವಿನಂತಿ. ಮಗ ಅಥವಾ ಮಗಳು ಅಡುಗೆಮನೆಯಲ್ಲಿ ಯಾರದೋ ದನಿ ಮಾಡುತ್ತಿದ್ದರೆ, ಪುಸ್ತಕದ ಅಂಚಿನಲ್ಲಿ ಚಿತ್ರ ಬರೆಯುತ್ತಿದ್ದರೆ ಬೈಯುವ ಮೊದಲು ಒಮ್ಮೆ ನೋಡಿ. ಓದಿನ ಹೊತ್ತು ಓದಲಿ. ಉಳಿದ ಹೊತ್ತು ಅದಕ್ಕೂ ಇರಲಿ. ನಾನು ಹರಿದ ಪುಸ್ತಕವನ್ನು ಇನ್ನು ಅಂಟಿಸಲಾಗದು. ನಿಮ್ಮ ಮನೆಯಲ್ಲಿರುವುದನ್ನು ಹರಿಯಬೇಡಿ.