ಸರ್ಕಾರದ ಸಾಲ, ಅಂಗಡಿಯ ಉದ್ರಿ

ಬಜೆಟ್ ಮಂಡನೆಯಾದ ಮಾರನೇ ವಾರ ಕೇಳುಗರ ಪತ್ರಗಳಲ್ಲಿ ಒಂದೇ ಅಳಲು: ‘ಇಂದು ಹುಟ್ಟುವ ಕೂಸಿನ ತಲೆ ಮೇಲೂ ಸಾಲವಿದೆಯಂತೆ. ತೀರಿಸುವವರು ಯಾರು? ಸಂಸಾರಸ್ಥರ ಹಾಗೆ ಸರ್ಕಾರವೂ ಹಾಸಿಗೆ ಇದ್ದಷ್ಟೇ ಕಾಲು ಚಾಚಬಾರದೇ?’

ಈ ಹೋಲಿಕೆಯೇ ತಪ್ಪು. ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಕೇಂದ್ರ ಸರ್ಕಾರದ ಸಾಲದ ಬಹುಪಾಲು ರೂಪಾಯಿಯಲ್ಲೇ ಇದೆ. ಕೊಟ್ಟವರು ನಮ್ಮದೇ ಬ್ಯಾಂಕು, ಎಲ್‌ಐಸಿ, ಭವಿಷ್ಯ ನಿಧಿ. ಸರ್ಕಾರಕ್ಕೆ ಸಾಲವಾದ ಬಾಂಡು ನಿಮ್ಮ ಇಳಿಗಾಲಕ್ಕೆ ಆಸ್ತಿ. ಬಡ್ಡಿಯ ಹೊರೆ ಇಲ್ಲವೆನ್ನುತ್ತಿಲ್ಲ. ಆದರೆ 1991ರಲ್ಲಿ ದೇಶ ಚಿನ್ನ ಅಡವಿಟ್ಟದ್ದು ವಿದೇಶಿ ವಿನಿಮಯ ಬರಿದಾದುದಕ್ಕೆ, ರೂಪಾಯಿ ಸಾಲದೆ ಹೋದದ್ದಕ್ಕಲ್ಲ. ರಾಜ್ಯದ ಮಾತು ಬೇರೆ. ನೋಟು ಮೈಸೂರಿನಲ್ಲಿ ಅಚ್ಚಾದರೂ ವಿಧಾನಸೌಧಕ್ಕೆ ಅದರ ಮೇಲೆ ಅಧಿಕಾರವಿಲ್ಲ.

ಇದಕ್ಕಿಂತ ದೊಡ್ಡ ವಿಷಯ, ಒಬ್ಬರ ಖರ್ಚೇ ಇನ್ನೊಬ್ಬರ ಸಂಪಾದನೆ. ಹೊಲದ ಕೆಲಸವಿಲ್ಲದ ಒಂದು ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯಡಿ ನಮ್ಮೂರ ಕೆರೆಯ ಹೂಳೆತ್ತಿದರು. ಕೂಲಿ ಖಾತೆಗೆ ಬಿದ್ದ ಸಂಜೆ ನಾನು ಕಿರಾಣಿ ಅಂಗಡಿಯಲ್ಲಿದ್ದೆ. ಹೆಂಗಸೊಬ್ಬರು ಬಂದು ಎಣ್ಣೆ, ಬೇಳೆ ಕಟ್ಟಿಸಿಕೊಂಡು ಹಳೇ ಬಾಕಿ ಕೊಟ್ಟರು. ಅಂಗಡಿಯವರು ಉದ್ರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. ಅದೇ ವಾರ ಆ ಹೆಂಗಸು ಮಗಳಿಗೆ ಲಂಗ ಹೊಲಿಸಿದರು. ದರ್ಜಿ ಕೆಟ್ಟು ನಿಂತಿದ್ದ ಮಿಷನ್ ರಿಪೇರಿ ಮಾಡಿಸಿದ. ಮತ್ತೆ ಹೇಳುತ್ತೇನೆ: ಆ ಕೂಲಿಯೇ ಲಂಗವಾಯಿತು, ರಿಪೇರಿಯಾಯಿತು. ಜನರೂ ಕೈ ಬಿಗಿಹಿಡಿದು, ಸರ್ಕಾರವೂ ಬಿಗಿಹಿಡಿದರೆ ದರ್ಜಿಗೆ ಬಟ್ಟೆ ತರುವವರು ಯಾರು?

ಹಾಗೆಂದು ನೋಟು ಅಚ್ಚುಹಾಕುತ್ತಲೇ ಇರಬಹುದೇ? ಇಲ್ಲ. ಸರ್ಕಾರ ಕೇಳಿದಾಗಲೆಲ್ಲ ರಿಸರ್ವ್ ಬ್ಯಾಂಕು ಕೊರತೆ ತುಂಬುವ ಪದ್ಧತಿ 1997ರಲ್ಲೇ ನಿಂತಿತು. ನಿಜವಾದ ಮಿತಿ ಇರುವುದು ಊರಿನಲ್ಲಿ. ಕೆಲಸವಿಲ್ಲದ ಕೈ, ಬಿತ್ತದ ನೆಲ, ನಿಂತ ಮಿಷನ್ ಇರುವವರೆಗೆ ದುಡ್ಡು ಸರಕಾಗುತ್ತದೆ. ಅವು ಮುಗಿದ ಮೇಲೂ ಸುರಿದರೆ ಬೆಲೆ ಏರುತ್ತದೆ, ಏಟು ಕೂಲಿಯವರಿಗೇ ಬೀಳುತ್ತದೆ.

ಸಮಯ ಕಡಿಮೆಯಿದೆ, ಸಲಹೆ ಒಂದೇ. ಬಜೆಟ್ ದಿನ ಕೊರತೆ ಎಷ್ಟು ಎಂದಷ್ಟೇ ನೋಡಬೇಡಿ. ಎಷ್ಟು ಕೈಗೆ ಕೆಲಸ, ದುಡ್ಡು ಯಾವಾಗ ಎಂದು ಕೇಳಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಮನೆಗೆ ವರ್ಷಕ್ಕೆ 100 ದಿನದ ಕೆಲಸ, 15 ದಿನದೊಳಗೆ ಕೂಲಿ ಎಂದಿತ್ತು. ಆದರೆ ನಮ್ಮೂರಲ್ಲಿ ಆ ಬೇಸಿಗೆಯ ಎರಡನೇ ಕಂತಿನ ಕೂಲಿ ಬಂದದ್ದು ಮಳೆ ಹಿಡಿದ ಮೇಲೆ. ಅಷ್ಟರಲ್ಲಿ ಉದ್ರಿ ಪುಸ್ತಕದಲ್ಲಿ ಆ ಹೆಂಗಸಿನ ಹೆಸರು ಮತ್ತೆ ಎರಡು ಪುಟ ತುಂಬಿತ್ತು.