ದಿನಕ್ಕೆ ಒಂದೂವರೆ ಜಿಬಿ
(ಶತಮಾನೋತ್ಸವದ ಸಭೆಯಲ್ಲಿ ಅಧ್ಯಾಪಕರ ಪರವಾಗಿ ಮಾಡಿದ ಭಾಷಣ)



ನೂರು ವರ್ಷ ಕಂಡ ಶಾಲೆಯ ಅಂಗಳದಲ್ಲಿ ಮೊಬೈಲ್ ರೀಚಾರ್ಜಿನ ಮಾತೆತ್ತುವುದು ಕೆಲವರಿಗೆ ಅಲ್ಪವೆನಿಸೀತು. ಆದರೆ 2020ರ ಜೂನ್‌ನಲ್ಲಿ ಕೇರಳದಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದಾಗ, ಕಾಸರಗೋಡಿನ ಕನ್ನಡ ಅಧ್ಯಾಪಕರಾದ ನಮಗೆ ಅದರ ಭಾರ ತಿಳಿಯಿತು. ಮಲಯಾಳ ಮಾಧ್ಯಮದ ಮಕ್ಕಳಿಗೆ ವಿಕ್ಟರ್ಸ್ ವಾಹಿನಿಯಿತ್ತು, ಮನೆಯಲ್ಲಿ ಟಿ.ವಿ. ಇದ್ದರೆ ಸಾಕಿತ್ತು. ನಮ್ಮ ಮಕ್ಕಳು ಕನ್ನಡ ಪಾಠಗಳಿಗೆ ಬಹುಮಟ್ಟಿಗೆ ಯೂಟ್ಯೂಬನ್ನೇ ನೆಚ್ಚಬೇಕಾಯಿತು. ತಾಯ್ನುಡಿಯಲ್ಲಿ ಕಲಿಯುವ ಹಕ್ಕು ಮನೆಯ ಡೇಟಾದ ಮಿತಿಗೆ ಒಳಪಟ್ಟಿತು.

ಒಂದು ಸಂಜೆ ತಾಯಿಯೊಬ್ಬರು ಕರೆಮಾಡಿ, “ಮಾಷ್ಟ್ರೇ, ಇವತ್ತಿನ ನೆಟ್ ಮುಗಿಯಿತು. ರಾತ್ರಿ ಹನ್ನೆರಡು ಕಳೆದ ಮೇಲೆ ಪುನಃ ಬರುತ್ತದೆ. ಮಗು ಬೆಳಗ್ಗೆ ಬೇಗ ಎದ್ದು ಪಾಠ ನೋಡಿದರೆ ಆದೀತಾ?” ಎಂದು ಕೇಳಿದರು.

ಆ ತಾಯಿಯ ಲೆಕ್ಕ ಸರಿಯಾಗಿಯೇ ಇತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬರುವ ಮೊದಲು ಒಂದು ಜಿಬಿಗೆ 200 ರೂಪಾಯಿಯ ಆಸುಪಾಸು ತೆರುತ್ತಿದ್ದೆವು. ಡೇಟಾ ತೆರೆದು, ಸಂದೇಶ ನೋಡಿ, ಕೂಡಲೇ ಮುಚ್ಚುತ್ತಿದ್ದೆವು. ಅನಂತರ ದರ ಕುಸಿಯಿತು. ಅಷ್ಟೇ ಅಲ್ಲ, ದರದ ರೂಪವೇ ಬದಲಾಯಿತು. ತಿಂಗಳಿಗಿಷ್ಟು ಎಂಬುದು ಹೋಗಿ ದಿನಕ್ಕಿಷ್ಟು ಎಂಬುದು ಬಂತು. ಈ ಪಾಲು ಡಬ್ಬದ ಅಕ್ಕಿಯಂತೆ ನಾಳೆಗೆ ಉಳಿಯದು. ಆದುದರಿಂದಲೇ ರಾತ್ರಿ ಹತ್ತರ ಮೇಲೆ, ಹೇಗೂ ವ್ಯರ್ಥವಾಗುತ್ತದೆಂದು, ಬೇಡದ ವಿಡಿಯೋಗಳನ್ನು ನೋಡುತ್ತ ಕೂರುವವರೂ ನಾವೇ. ಮೂವರು ಮಕ್ಕಳಿಗೆ ಒಂದೇ ಫೋನಿರುವ ಮನೆಯಲ್ಲಿ ಮಧ್ಯಾಹ್ನಕ್ಕೇ ಬರಿಗೈಯಾಗುವವರೂ ನಾವೇ. ಮಿತಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದರಲ್ಲಿ ಅಕ್ಷರ ಬಂದೀತು, ವಿಡಿಯೋ ಓಡದು.

28 ದಿನಗಳ ‘ತಿಂಗಳು’ ಇನ್ನೊಂದು ಚಮತ್ಕಾರ. ವರ್ಷಕ್ಕೆ ಹದಿಮೂರು ರೀಚಾರ್ಜ್! 30 ದಿನಗಳ ಪ್ಯಾಕೊಂದಾದರೂ ಇರಬೇಕೆಂದು 2022ರಲ್ಲಿ ಟ್ರಾಯ್ ಆದೇಶಿಸಬೇಕಾಯಿತು. 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳು ದರ ಏರಿಸಿದಾಗ ಜಿಯೋದಲ್ಲಿ ದಿನಕ್ಕೆ 1.5 ಜಿಬಿಯ 28 ದಿನಗಳ ಪ್ಯಾಕ್ 239ರಿಂದ 299 ರೂಪಾಯಿಗೆ ಹೋಯಿತು. ಇಂತಹ ಏರಿಕೆಯಾದಾಗ ಮನೆಯವರೆಲ್ಲರೂ ಸ್ವಲ್ಪ ಸ್ವಲ್ಪ ಬಳಕೆ ತಗ್ಗಿಸುವುದಿಲ್ಲ. ಒಂದು ಫೋನ್ ಬರಿಯ ಕರೆ ಬರುವುದಕ್ಕೆ ಮೀಸಲಾಗುತ್ತದೆ. ನಮ್ಮ ತರಗತಿಯ ವಾಟ್ಸಾಪ್ ಗುಂಪುಗಳಲ್ಲಿ ನಾವು ಕಂಡಂತೆ, ಅದು ಹೆಚ್ಚಾಗಿ ತಾಯಿಯ ಫೋನ್. ಮಗುವಿನ ಕೈಗೆ ಸಿಗುವುದೂ ಅದೊಂದೇ. ತಂದೆಯ ಫೋನ್ ಕೆಲಸಕ್ಕೆ ಹೋಗಿರುತ್ತದೆ.

ಆ ದಿನಗಳಲ್ಲಿ ನಾವು ಹಿಡಿದ ದಾರಿ ಸರಳವಾದುದು. ವಿಡಿಯೋ ಕಳುಹಿಸುವುದನ್ನು ಕಡಿಮೆ ಮಾಡಿ, ಪಾಠವನ್ನು ಓದಿ ವಿವರಿಸಿ ಧ್ವನಿಸಂದೇಶವಾಗಿ ಕಳುಹಿಸಿದೆವು. ಐದು ನಿಮಿಷದ ಮಾತಿಗೆ ಒಂದೆರಡು ಎಂಬಿ ಸಾಕಾಗುತ್ತಿತ್ತು, ನಿಧಾನವಾದರೂ ತಲುಪುತ್ತಿತ್ತು. ಅಜ್ಜಿಯಂದಿರೂ ಕೇಳಿದರಂತೆ.

ಹಳೆ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಒಂದೇ. ಶತಮಾನೋತ್ಸವದ ನಿಧಿಯಿಂದ, ಕನ್ನಡ ಪಾಠಗಳನ್ನೆಲ್ಲ ಇಳಿಸಿಟ್ಟ ಎರಡು ಕಂಪ್ಯೂಟರುಗಳು ಶಾಲೆಯ ವಾಚನಾಲಯಕ್ಕೆ ಬರಲಿ. ಸಂಜೆ ಐದೂವರೆಯ ತನಕ ಅದರ ಬಾಗಿಲು ತೆರೆದಿರಲಿ. ಬೀಗದ ಕೈಯ ಹೊಣೆಯನ್ನು ಅಧ್ಯಾಪಕರಾದ ನಾವು ಸರದಿಯಂತೆ ವಹಿಸಿಕೊಳ್ಳುತ್ತೇವೆ.